ಹಣ್ಣು, ಸಕ್ಕರೆ, ನೀರು

ಮಾರ್ಚ್ 4, ಸೋಮವಾರ

ಐಸು ತಿರುವುವ ಮಷೀನಿನ ಮೋಟರ್ ಸತ್ತಿತು. ಮೆಕ್ಯಾನಿಕ್ ಬಂದ, ಬಿಚ್ಚಿದ, ಮೂಗಿನ ಹತ್ತಿರ ಹಿಡಿದು ಮೂಸಿದ. "ಸುಟ್ಟುಹೋಗಿದೆ ಅಮ್ಮಾ" ಎಂದ. ಅದು ನಮಗೂ ಗೊತ್ತು, ಬೆಳಿಗ್ಗೆಯಿಂದ ಅಂಗಡಿ ತುಂಬ ಅದೇ ವಾಸನೆ. ಮಷೀನ್ ಮಾಡಿದ ಕಂಪನಿಯೇ ಈಗ ಇಲ್ಲವಂತೆ, ಪಾರ್ಟ್ ಸಿಗುವುದಿಲ್ಲವಂತೆ. "ಹೊಸದು ತಗೊಳ್ಳಿ ಸಾರ್" ಎಂದ. ಇವರು, "ಹಳೇ ಹೆಂಡ್ತಿ ಜೊತೆ ಸಂಸಾರ ನಡೀತಿಲ್ವಾ? ಹಾಗೇ ಇದೂ ನಡೆಯುತ್ತೆ" ಎಂದರು. ಅವನು ನಕ್ಕ. ನಾನು ನಗಲಿಲ್ಲ.

ಇನ್ನು ಕೈಯಲ್ಲೇ ತಿರುವಬೇಕು. ಇವತ್ತು ಅನಾನಸ್. ಹಣ್ಣು ರುಬ್ಬಿ, ಸೋಸಿ, ಆರಿದ ಸಕ್ಕರೆ ಪಾಕ ಬೆರೆಸಿ, ನಿಂಬೆ ಹಿಂಡಿ, ತಟ್ಟೆಗಳಿಗೆ ಸುರಿದು ಫ್ರೀಜರಿಗೆ. ಆಮೇಲೆ ಇದೆ ನಿಜವಾದ ಕೆಲಸ — ಆಗಾಗ ಹೊರಗೆ ತೆಗೆಯಬೇಕು, ಮರದ ಸಟ್ಟುಗದಲ್ಲಿ ಕೆರೆಯಬೇಕು, ಮತ್ತೆ ಒಳಗೆ ಇಡಬೇಕು. ಸುಮ್ಮನೆ ಬಿಟ್ಟರೆ ನೀರು ತನ್ನ ಪಾಡಿಗೆ ಹರಳುಗಟ್ಟಿ ಕಲ್ಲಾಗುತ್ತದೆ. ಸಕ್ಕರೆ ಕಮ್ಮಿಯಾದರೂ ಕಲ್ಲು. ಜಾಸ್ತಿಯಾದರೆ ಕೆಸರು.

ಇವತ್ತಿನದು ಕಲ್ಲು. ಚಮಚ ಬಾಗಿತು. ಇಬ್ಬರು ಗಿರಾಕಿಗಳು ಅರ್ಧಕ್ಕೇ ಇಟ್ಟು ಹೋದರು.

ಮಾರ್ಚ್ 9, ಶನಿವಾರ

ಇವರ ಬಲಗೈ ಮೇಲಕ್ಕೆ ಏಳುತ್ತಿಲ್ಲ. ಷರ್ಟು ನಾನೇ ತೊಡಿಸಬೇಕು. ಡಾಕ್ಟರು ಕೈ ಎತ್ತಿ, ತಿರುಗಿಸಿ, ಇವರ ಮುಖ ನೋಡಿ, "ಫ್ರೋಜನ್ ಶೋಲ್ಡರ್" ಎಂದರು.

"ಏನಂದ್ರು?" ಇವರು ನನ್ನ ಕಡೆ ತಿರುಗಿದರು.

"ಭುಜ ಹೆಪ್ಪುಗಟ್ಟಿದೆಯಂತೆ."

"ಸರಿ ಹೋಯ್ತು. ಜನ್ಮವೆಲ್ಲಾ ಕಂಡದ್ದನ್ನೆಲ್ಲಾ ಹೆಪ್ಪುಗಟ್ಟಿಸಿದ್ದಕ್ಕೆ ಕೊನೆಗೆ ನನಗೇ ಹಿಡೀತು."

ಡಾಕ್ಟರಿಗೂ ನಗು. ವ್ಯಾಯಾಮದ ಸೆಂಟರಿಗೆ ವಾರಕ್ಕೆರಡು ಸಲ ಹೋಗಬೇಕಂತೆ. ಭಾರ ಎತ್ತಬಾರದು, ಕೈ ಬೀಸಬಾರದು, ಕೆರೆಯುವ ಕೆಲಸವಂತೂ ಬೇಡವೇ ಬೇಡ. ಆಳು ಇಟ್ಟುಕೊಳ್ಳೋಣ ಎಂದೆ. "ಅಪ್ಪನ ಕೈಕೆಲಸ ಬೀದಿಯವನ ಕೈಗೆ ಕೊಡ್ಲಾ?" ಎಂದರು. ನಾನು ಕೆರೆಯುತ್ತೇನೆ ಎಂದೆ. ಸಟ್ಟುಗ ಕಿತ್ತುಕೊಂಡರು. ಎಡಗೈಯಲ್ಲಿ.

ಮಾರ್ಚ್ 17, ಭಾನುವಾರ

ಬಿಸಿಲು ಜೋರು, ವ್ಯಾಪಾರವೂ. ಕಾಲೇಜು ಹುಡುಗಿಯೊಬ್ಬಳು ಗೋಡೆಯ ಬೋರ್ಡನ್ನು ಗಟ್ಟಿಯಾಗಿ ಓದಿದಳು — "ಹಣ್ಣು, ಸಕ್ಕರೆ, ನೀರು. ಬೇರೇನೂ ಇಲ್ಲ." ಮಾವನವರು ಬರೆಸಿದ್ದು. ಪ್ರತಿ ವರ್ಷ ಇವರು ಅದಕ್ಕೆ ಬಣ್ಣ ಹೊಡೆಸುತ್ತಾರೆ, ಅಂಗಡಿಯ ಮಿಕ್ಕ ಗೋಡೆಗೆ ಹೊಡೆಸದಿದ್ದರೂ.

"ಆಂಟಿ, ಹಾಲು ಹಾಕಿದ್ರೆ ಇದು ಷರ್ಬೆಟ್, ಹಾಕದಿದ್ರೆ ಸಾರ್ಬೆ. ಎರಡಕ್ಕೂ ಮೂಲ ನಮ್ಮ ಶರಬತ್ತು ಅನ್ನೋ ಪದಾನೇ, ಗೊತ್ತಾ?"

"ನಮ್ಮಲ್ಲಿ ಹಣ್ಣಿನ ಐಸು ಅಂತೀವಿ, ತಾಯಿ" ಎಂದೆ.

ಸಂಜೆ ಎದುರಿನಿಂದ ಟೈಲರಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಟೈಲರಮ್ಮ ಮತ್ತು ನಾನು ಈ ಬೀದಿಗೆ ಸೊಸೆಯರಾಗಿ ಬಂದದ್ದು ಹೆಚ್ಚೂಕಮ್ಮಿ ಒಂದೇ ಕಾಲಕ್ಕೆ. ನನ್ನ ಎಲ್ಲಾ ರವಿಕೆಗಳ ಅಳತೆ ಅವಳ ತಲೆಯಲ್ಲಿದೆ. ನನಗೆ ಮಕ್ಕಳಾಗಲಿಲ್ಲ ಎಂಬುದನ್ನು ಒಂದೇ ಒಂದು ಸಲವೂ ಬಾಯಿಬಿಟ್ಟು ಆಡದ ಹೆಂಗಸು ಈ ಬೀದಿಯಲ್ಲಿ ಅವಳೊಬ್ಬಳೇ.

ಮೊಮ್ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಮುಂದಿನ ಹಲ್ಲು ಬಿದ್ದಿವೆ. ಹಾಲು ಅವಳಿಗೆ ವಿಷ. ಕೂಸಾಗಿದ್ದಾಗ ಒಂದು ಚಮಚ ಮೊಸರಿಗೆ ಮೈಯೆಲ್ಲಾ ದದ್ದು ಎದ್ದು, ಉಸಿರು ಕಟ್ಟಿ, ಆಸ್ಪತ್ರೆ ಸೇರಿದ್ದಳು. ಕೇಕು, ಚಾಕೊಲೇಟು, ಐಸ್‌ಕ್ರೀಮು ಯಾವುದೂ ಇಲ್ಲ. ಬೇರೆ ಮಕ್ಕಳು ಚಪ್ಪರಿಸುವುದನ್ನು ನೋಡುತ್ತಾ ನಿಲ್ಲುತ್ತಾಳೆ. ಅವಳು ಅಳುಕಿಲ್ಲದೆ ತಿನ್ನುವ ಅಂಗಡಿ ಊರಿಗೆ ನಮ್ಮದೊಂದೇ.

"ಐಸ್ ತಾತಾ, ನಂದು!" ಎಂದು ಕೌಂಟರಿಗೆ ಗದ್ದ ಆನಿಸಿದಳು. ನಾನು ಬಡಿಸಲು ಎದ್ದೆ. "ನೀನು ಕೂತ್ಕೋ. ಗುಬ್ಬಿಗೆ ನಾನೇ ಕೊಡಬೇಕು" ಎಂದು ಇವರು ಎದ್ದರು. ನೋಯುವ ಕೈಯಲ್ಲೇ.

ಮಾರ್ಚ್ 28, ಗುರುವಾರ

ಐಸು ಚೆನ್ನಾಗಿ ಬರುತ್ತಿದೆ! ಮಷೀನ್ ಇದ್ದಾಗಲೂ ಹೀಗೆ ಬಂದಿರಲಿಲ್ಲ. ಬೆಣ್ಣೆಯ ಹಾಗೆ. ಚಮಚ ಇಟ್ಟರೆ ಇಳಿಯುತ್ತದೆ. "ಏನ್ ಸಾರ್ ಮ್ಯಾಜಿಕ್ಕು" ಎಂದು ಬ್ಯಾಂಕಿನವರು ಕೇಳಿದರು. ಇವರು ಮೀಸೆ ನೇವರಿಸಿಕೊಂಡು, "ಪಾಕದ ಹದ" ಎಂದರು. ನನಗೂ ಅಷ್ಟೇ ಹೇಳಿದ್ದು. ಪಾಕವನ್ನು ಇನ್ನೂ ಸ್ವಲ್ಪ ಕುದಿಸಿ ಅಂಟು ಬರಿಸುತ್ತಾರಂತೆ, ಆಗ ಕೆರೆಯುವ ಕೆಲಸ ಅರ್ಧಕ್ಕರ್ಧ ತಪ್ಪುತ್ತದಂತೆ. ನಾನು ಏಳುವ ಮೊದಲೇ ಎದ್ದು ಎಲ್ಲಾ ಬೆರೆಸಿ ಮುಗಿಸಿರುತ್ತಾರೆ.

ಅಂಗಡಿಯ ಮೇಲಿನ ನಮ್ಮ ಮನೆಗೆ ಹೋಗಿ ಅತ್ತೆಗೆ ಒಂದು ಬಟ್ಟಲು ಕೊಟ್ಟೆ. ಕಣ್ಣು ಮಂಜು, ಕಿವಿ ಮಂದ, ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಒಂದು ಚಮಚ ಬಾಯಲ್ಲಿಟ್ಟುಕೊಂಡು ನಾಲಿಗೆಯಲ್ಲೇ ಹೊರಳಿಸಿದರು.

"ಹಾಲು ಯಾಕೆ ಹಾಕಿದೆ?"

"ಹಾಲಿಲ್ಲ ಅತ್ತೆ. ಸೀಬೆಹಣ್ಣು."

"ನಂಗೆ ಹೇಳ್ತೀಯಾ? ಹಾಲಿದೆ."

ಕೆಳಗೆ ಬಂದು ಇವರಿಗೆ ಹೇಳಿ ನಕ್ಕೆ. ಇವರೂ ನಕ್ಕರು. ತಲೆ ಬಗ್ಗಿಸಿ ಗ್ಲಾಸ್ ಒರೆಸುತ್ತಿದ್ದರು.

ಏಪ್ರಿಲ್ 3, ಬುಧವಾರ

ಅತ್ತೆಗೆ ಇವತ್ತು ಬುದ್ಧಿ ತಿಳಿಯಾಗಿತ್ತು. ತಲೆ ಬಾಚುತ್ತಾ ಕೇಳಿದೆ — ಈ ಐಸು ಮೊದಲು ಮಾಡಿದ್ದು ಹೇಗೆ? ಮಾವನವರು ಹೇಳುತ್ತಿದ್ದ ಕಥೆ ಬೇರೆ. ಯಾರೋ ದೊಡ್ಡ ಮನೆತನದ ಅಡುಗೆಯವನಿಂದ ಗುಟ್ಟು ಕಲಿತರು, ಶುದ್ಧವಾಗಿಯೇ ಮಾಡುತ್ತೇನೆಂದು ಮಾತು ಕೊಟ್ಟರು, ಅದು ಇದು.

ಅತ್ತೆ ಗಂಟಲಲ್ಲೇ ನಕ್ಕರು. "ಎಲ್ಲಿಯ ದೊಡ್ಡ ಮನೆ? ನಿನ್ನ ಮಾವ ಐಸ್ ಫ್ಯಾಕ್ಟರೀಲಿ ಗಡ್ಡೆ ಹೊರ್ತಿದ್ರು. ನಾನು ಗೇಟಿನ ಹತ್ರ ಶರಬತ್ತು ಮಾರ್ತಿದ್ದೆ. ಮಾರ್ಕೆಟ್ಟಲ್ಲಿ ಎಸೆಯೋ ಹಣ್ಣು, ಮೆತ್ತಗಾದದ್ದು, ಅದನ್ನ ಹಿಂಡಿ. ಒಂದಿನ ಉಳೀತು. ಚೆಲ್ಲೋಕೆ ಮನಸ್ಸು ಬರಲಿಲ್ಲ. ಕ್ಯಾನು ಉಪ್ಪು ಬೆರೆಸಿದ ಐಸಿನ ತೊಟ್ಟೀಲಿ ಇಟ್ಟು ಮರ್ತೇಬಿಟ್ಟೆ. ಮಾರನೇ ದಿನ ನೋಡ್ತೀನಿ, ಸುತ್ತ ಗಟ್ಟಿ, ನಡುವೆ ಮೆತ್ತಗೆ. ಕೆರೆದು ಎಲೆ ಮೇಲೆ ಹಾಕಿ ಕೊಟ್ಟೆ. ಜನ ಮುಗಿಬಿದ್ರು."

"ಮತ್ತೆ ಹಾಲು ಹಾಕಬಾರದು ಅಂತ ಮಾತು ಕೊಟ್ಟದ್ದು?"

"ಹಾಲು ಕೊಳ್ಳೋಕೆ ಗತಿ ಇರಲಿಲ್ಲ ಕಣೇ. ಅದಕ್ಕೇ ಹಾಕಲಿಲ್ಲ. ಆಮೇಲೆ ಅದನ್ನೇ ದೊಡ್ಡಸ್ತಿಕೆ ಮಾಡಿ ಗೋಡೆ ಮೇಲೆ ಬರೆಸಿದ್ರು."

ಇವರಿಗೆ ಹೇಳಲೋ ಬೇಡವೋ... ಅಪ್ಪ ಎಂದರೆ ಇವರಿಗೆ ದೇವರು. ಬೇಡ.

ಏಪ್ರಿಲ್ 12, ಶುಕ್ರವಾರ, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಗುಬ್ಬಿ ಆಸ್ಪತ್ರೆಯಲ್ಲಿ. ಗಾಜಿನ ಆಚೆ, ಮೂಗಿಗೆ ನಳಿಕೆ. ಒಳಗೆ ಯಾರನ್ನೂ ಬಿಡುತ್ತಿಲ್ಲ.

ನಿನ್ನೆ ಮಧ್ಯಾಹ್ನ ಇವರು ವ್ಯಾಯಾಮದ ಸೆಂಟರಿಗೆ ಹೋಗಿದ್ದರು. ಗುಬ್ಬಿ ಅಮ್ಮನ ಕೈ ಹಿಡಿದು ಬಂದಳು, ಮಾವಿನ ಐಸು ತಿಂದಳು, ತುಟಿ ಒರೆಸಿಕೊಂಡು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಎದುರಿನಿಂದ ಟೈಲರಮ್ಮ ಕಿರುಚಿದ್ದು ಕೇಳಿಸಿತು. ಓಡಿದೆ. ಮಗುವಿನ ಮುಖ ಮುಖವಾಗಿರಲಿಲ್ಲ. ಕಣ್ಣು ಊದಿ ಮುಚ್ಚಿಹೋಗಿತ್ತು, ತುಟಿ ಹೊರಳಿತ್ತು, ಎದೆಯಿಂದ ಸಿಳ್ಳಿನಂಥ ಸದ್ದು. ಅವಳ ಸೊಸೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬರಿಗಾಲಲ್ಲೇ ರಸ್ತೆಗೆ ಓಡಿದಳು. ಯಾರೋ ಕಾರು ನಿಲ್ಲಿಸಿದರು, ಪುಣ್ಯಾತ್ಮರು.

ದಾರಿಯಲ್ಲೇ ಉಸಿರು ನಿಂತಿತ್ತಂತೆ. ಆಸ್ಪತ್ರೆಯಲ್ಲಿ ಮತ್ತೆ ತಂದರಂತೆ.

ಏಪ್ರಿಲ್ 15, ಸೋಮವಾರ

ಕಣ್ಣು ಬಿಟ್ಟಳು. ಬದುಕಿದಳು. ನಾನು ಕೂತು ಅತ್ತುಬಿಟ್ಟೆ.

ಎಲ್ಲಿಂದಲೋ ಹಾಲು ಹೊಟ್ಟೆಗೆ ಹೋಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಅವರ ಮನೆಯಲ್ಲಿ ಹುಡುಕಾಟ. ಅಂದು ಮಧ್ಯಾಹ್ನ ಸೊಸೆ ಹೊಸ ಬಿಸ್ಕೆಟ್ ಪೊಟ್ಟಣ ಒಡೆದಿದ್ದಳು. ಅದೇ ಇರಬೇಕು ಎಂದು ಎಲ್ಲರೂ. "ಓದಿ ನೋಡಿಯೇ ತಂದದ್ದು, ಅದರಲ್ಲಿ ಹಾಲಿಲ್ಲ. ಅಷ್ಟಕ್ಕೂ ಅವಳಿಗೆ ಕೊಟ್ಟೇ ಇಲ್ಲ, ನಾನು ತಿಂದೆ" ಎಂದು ಅವಳು. ಪೊಟ್ಟಣ ಕಸದ ಗಾಡಿಗೆ ಹೋಗಿದೆ. ಲಾರಿ ಓಡಿಸುವ ಗಂಡ ಎಲ್ಲಿಂದಲೋ ಅರ್ಧ ದಾರಿಗೇ ವಾಪಸ್ಸು ಬಂದವನು, ಆಸ್ಪತ್ರೆಯ ವರಾಂಡದಲ್ಲಿ, ಜನರ ಎದುರಿಗೆ, "ಹೆತ್ತವಳಾ ನೀನು?" ಎಂದ. ಟೈಲರಮ್ಮ ತಡೆಯಲಿಲ್ಲ. ಅವಳೂ ಆ ಕಡೆ ಮುಖ ತಿರುಗಿಸಿದಳು.

ನಮ್ಮ ಐಸಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬೋರ್ಡೇ ಇದೆಯಲ್ಲ.

ಏಪ್ರಿಲ್ 16, ಮಂಗಳವಾರ

ಬರೆಯಲೇಬೇಕು. ಎಲ್ಲಾದರೂ ಒಂದು ಕಡೆ ಇಳಿಸಬೇಕು.

ಇವರು ಆ ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಮಗುವಿನ ಸಂಕಟ ಎಂದುಕೊಂಡಿದ್ದೆ. ಇವತ್ತು ತಟ್ಟೆ ಮುಂದೆ ಕೂತವರು ಇದ್ದಕ್ಕಿದ್ದಂತೆ ಕೇಳಿದರು.

"ಅವತ್ತು ಗುಬ್ಬಿಗೆ ಯಾವುದರಿಂದ ಕೊಟ್ಟೆ?"

"ಯಾವುದರಿಂದ ಅಂದ್ರೆ? ಮಾವಿನದು."

"ಅದೇ, ಯಾವ ಡಬ್ಬಿ?"

"ದೊಡ್ಡದು. ಮುಂದೆ ಇತ್ತಲ್ಲ."

ತುತ್ತು ಕೈಯಿಂದ ಜಾರಿತು. ನನಗೆ ಆಗಲೂ ಅರ್ಥವಾಗಲಿಲ್ಲ, ಬೆಪ್ಪಿ ನಾನು. ಎದ್ದು ಹೋಗಿ ಫ್ರೀಜರಿನ ಮೂಲೆಯಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟರು. ಮುಚ್ಚಳ ತೆಗೆದರು. ಮಾವಿನ ಐಸು. ಕಲ್ಲಿನಂತೆ ಗಟ್ಟಿ.

"ಇದು ಅವಳದು. ದಿನಾ ಮೊದಲು ಇದನ್ನ ಮಾಡಿ ಎತ್ತಿಡ್ತಿದ್ದೆ. ಆಮೇಲೆ ಬೇರೇದಕ್ಕೆ..."

ಆಮೇಲೆ ಬೇರೆಯದಕ್ಕೆ ಹಾಲಿನ ಪುಡಿ. ಮಾರ್ಚ್ ತಿಂಗಳಿಂದ. ಅಟ್ಟದ ಮೇಲೆ, ಸಕ್ಕರೆ ಮೂಟೆಯ ಹಿಂದೆ ಡಬ್ಬ ಇಟ್ಟಿದ್ದರಂತೆ. ಹಾಲು ಬಿದ್ದರೆ ಹರಳುಗಟ್ಟುವುದಿಲ್ಲ, ಕೆರೆಯುವ ಕೆಲಸ ತಪ್ಪುತ್ತದೆ, ಕೈ ನೋವು ತಪ್ಪುತ್ತದೆ.

"ನನಗೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ಅಪ್ಪನ ಬೋರ್ಡಿನ ಕೆಳಗೆ ನಿಂತು?"

"ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ ನಾನು ಆ ಮಗೂಗೆ..."

"ನಾನು ಬರೋ ತನಕ ಕಾಯಿಸಬಾರದಾಗಿತ್ತಾ ನೀನು? ಗುಬ್ಬಿಗೆ ನಾನೇ ಕೊಡಬೇಕು ಅಂತ ಎಷ್ಟು ಸಲ ಹೇಳಿಲ್ಲ!"

ಹೇಳಿದ್ದರು. ಅದು ಮುದ್ದು ಎಂದುಕೊಂಡಿದ್ದೆ.

ದೊಡ್ಡ ಚಮಚದಲ್ಲಿ, ತುಂಬಿ, ಮೇಲೆ ಇನ್ನೊಂದಿಷ್ಟು ಹಾಕಿ ಕೊಟ್ಟಿದ್ದೆ. ಎಷ್ಟು ಮೆತ್ತಗಿದೆ ನೋಡು ಪುಟ್ಟಿ, ಎಂದೂ ಹೇಳಿದ್ದೆ.

ಮೇ 2, ಗುರುವಾರ

ಇಷ್ಟು ದಿನ ಬರೆದಿಲ್ಲ. ಬರೆದರೆ ಓದಬೇಕಾಗುತ್ತದೆ.

ಅಂಗಡಿ ತೆರೆದಿದೆ. ಪುಡಿ ಚರಂಡಿಗೆ ಹೋಯಿತು, ನಾನೇ ಸುರಿದೆ. ಐಸು ಮತ್ತೆ ಕಲ್ಲಾಗಿದೆ. ಪಾಕದ ಹದ ಯಾಕೋ ಕೂರುತ್ತಿಲ್ಲ ಎಂದು ಇವರು ಗಿರಾಕಿಗಳಿಗೆ ಹೇಳುತ್ತಾರೆ. ಹೇಳುವಾಗ ನನ್ನನ್ನು ನೋಡುವುದಿಲ್ಲ.

ಗುಬ್ಬಿ ಮನೆಗೆ ಬಂದಿದ್ದಾಳೆ. ನೋಡಲು ಹೋಗಿದ್ದೆ, ಬರಿಗೈಯಲ್ಲಿ. ಏನು ತೆಗೆದುಕೊಂಡು ಹೋಗಲಿ? ಮಗು ಗೋಡೆ ಕಡೆ ತಿರುಗಿ ಮಲಗಿತ್ತು. ಟೈಲರಮ್ಮ ನನ್ನ ತೋಳಿಗೆ ಹಣೆ ಆನಿಸಿ ಅತ್ತಳು. "ನೀವಾದ್ರೂ ಇದ್ದೀರಲ್ಲ ಅಕ್ಕಾ" ಎಂದಳು. ನನ್ನ ಕೈ ಅವಳ ಬೆನ್ನು ಸವರುತ್ತಲೇ ಇತ್ತು.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಮಗುವಿಗೆ ಏನೂ ತಿನ್ನಿಸುವ ಹಾಗಿಲ್ಲವಂತೆ. ಎಲ್ಲಾ ಟೈಲರಮ್ಮನ ಕೈಯಿಂದಲೇ. ಔಷಧಿಯನ್ನೂ ಮುಟ್ಟಿಸುತ್ತಿಲ್ಲ.

ನಿನ್ನೆ ಇವರು ಹೇಳಿದರು — "ಬದುಕಿದೆಯಲ್ಲ ಮಗು. ಈಗ ಹೇಳಿ ಯಾರಿಗೇನು ಬರುತ್ತೆ?" ನಾನು ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ.

ಮೇ 6, ಸೋಮವಾರ

ಟೈಲರಮ್ಮ ಅತ್ತೆಯ ಕುಪ್ಪಸ ಕೊಡಲು ಮೇಲೆ ಬಂದಿದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡು ಕೂತರು.

"ಮಗು ಹೆಂಗಿದೆ?"

"ಇದೆ ಅಜ್ಜಿ. ಏನೂ ತಿನ್ನಲ್ಲ ಅನ್ನುತ್ತೆ."

"ಇವನು ಐಸಿಗೆ ಹಾಲು ಹಾಕ್ತಾನೆ. ನಾನು ಅವತ್ತೇ ಹೇಳಿದೆ. ಯಾರೂ ಕೇಳಲಿಲ್ಲ."

ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಟೈಲರಮ್ಮ ನನ್ನ ಕಡೆ ತಿರುಗಿ ಮುಗುಳ್ನಕ್ಕಳು, ಪಾಪದ ಮುದುಕಿ, ಅರಳು ಮರಳು, ಎನ್ನುವ ಹಾಗೆ. ಆ ನಗು ನನ್ನ ಉತ್ತರಕ್ಕೆ ಕಾಯುತ್ತಿತ್ತು.

"ಅವರಿಗೆ ಏನೇನೋ ನೆನಪು" ಎಂದೆ.

ಅತ್ತೆ ತಲೆ ಎತ್ತಿ ನಾನಿದ್ದ ದಿಕ್ಕಿಗೆ ನೋಡಿದರು. ಆ ಮಂಜುಗಣ್ಣಿನಲ್ಲಿ ನಾನು ಎಷ್ಟು ಕಂಡೆನೋ. ಟೈಲರಮ್ಮನ ಕೈ ಬಿಟ್ಟರು. ರಾತ್ರಿ ಊಟವನ್ನೂ ಮುಟ್ಟಲಿಲ್ಲ.

ಮೇ 19, ಭಾನುವಾರ

ಹೇಳಿಬಿಟ್ಟೆ.

ಮಧ್ಯಾಹ್ನ, ಬೀದಿ ಖಾಲಿ. ಇವರು ಮೇಲೆ ಮಲಗಿದ್ದರು. ಟೈಲರಮ್ಮನ ಸೊಸೆ ಒಬ್ಬಳೇ ಬಂದು ಬೆಂಚಿನ ಮೇಲೆ ಕೂತಳು. ಮೂಳೆ ಚಕ್ಕಳ ಆಗಿದ್ದಾಳೆ. ನೀರು ಕೊಟ್ಟೆ. ಕುಡಿಯಲಿಲ್ಲ.

"ದೊಡ್ಡಮ್ಮಾ, ಒಂದು ಕೇಳ್ಲಾ? ಅವತ್ತು ಇಲ್ಲಿಗೆ ಬಂದಾಗ ಗುಬ್ಬಿ ಕೈಲಿ ಬಿಸ್ಕೆಟ್ ಇತ್ತಾ?"

"ಯಾಕಮ್ಮಾ?"

"ನಾನು ಕೊಟ್ಟಿಲ್ಲ. ಕೊಟ್ಟಿಲ್ಲ ಅಂತಾನೇ ಇಷ್ಟು ದಿನ ಅಂದೆ. ಈಗ ನಂಗೇ ಗೊತ್ತಾಗ್ತಿಲ್ಲ. ಕಣ್ಣು ಮುಚ್ಚಿದ್ರೆ ಅವಳ ಕೈಲಿ ಬಿಸ್ಕೆಟ್ ಕಾಣುತ್ತೆ. ನಾನೇ ಒಡೆದು ಕೊಡ್ತಿರೋ ಹಾಗೆ... ಎಲ್ಲರೂ ಅಷ್ಟು ಹೇಳ್ತಾರೆ ಅಂದ್ರೆ ಕೊಟ್ಟಿರಬೇಕು ಅಲ್ವಾ? ಅವರು ನನ್ನನ್ನ ತವರಿಗೆ ಕಳಿಸ್ತಾರಂತೆ, ಮಗೂನ ಇಲ್ಲೇ ಇಟ್ಕೊಂಡು. ಹೋಗ್ತೀನಿ. ಆದ್ರೆ ಕೊಟ್ಟೆನಾ ಇಲ್ವಾ ಅನ್ನೋದು ಗೊತ್ತಾಗಬೇಕು. ಇಲ್ದಿದ್ರೆ ತಲೆ ಕೆಡುತ್ತೆ ನಂಗೆ."

ಆ ಹುಡುಗಿ ತನ್ನ ನೆನಪನ್ನೇ ಕಳೆದುಕೊಂಡು ನನ್ನ ಹತ್ತಿರ ಹುಡುಕಲು ಬಂದಿದ್ದಳು. ಅದು ನನ್ನ ಹತ್ತಿರವೇ ಇತ್ತು.

"ಅವಳ ಕೈಲಿ ಬಿಸ್ಕೆಟ್ ಇರಲಿಲ್ಲ. ಐಸಲ್ಲಿ ಹಾಲಿತ್ತು. ಕೊಟ್ಟವಳು ನಾನು. ನಂಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು, ಆಮೇಲೂ ಸುಮ್ಮನಿದ್ದೆ."

ಅವಳು ಹಾಗೇ ನೋಡುತ್ತಿದ್ದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನಕ್ಕಳು. ನಗು ಎಂದರೆ — ಕಟ್ಟಿದ್ದ ಉಸಿರು ಬಿಟ್ಟ ಹಾಗೆ ಒಂದು ಸದ್ದು. "ಕೊಟ್ಟಿಲ್ಲ. ನಾನು ಕೊಟ್ಟಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಎದ್ದಳು. ಬಾಗಿಲ ತನಕ ಹೋಗಿ ತಿರುಗಿದಳು. ಆಗ ಮುಖ ಬೇರೆಯಾಗಿತ್ತು.

"ಎಷ್ಟು ದಿನ ಆಯ್ತು ದೊಡ್ಡಮ್ಮಾ ನಿಮಗೆ ಗೊತ್ತಾಗಿ?"

ಹೇಳಿದೆ. ಅವಳು ಬೆರಳು ಮಡಚಿ ಎಣಿಸಿದಳು, ಹೊರಟುಹೋದಳು.

ಮೇ 20, ಸೋಮವಾರ

ನಿನ್ನೆ ಸಂಜೆಯೇ ಇವರಿಗೆ ತಿಳಿಸಿದೆ. "ನಿನ್ನ ಕೈಯಿಂದ ಹೋದದ್ದು ಅಂತಲೂ ಹೇಳಿದೆಯಾ?" ಎಂದರು.

"ಅದನ್ನೇ ಮೊದಲು ಹೇಳಿದ್ದು."

ಇಷ್ಟು ವರ್ಷದಲ್ಲಿ ಇವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಮಾವನವರು ಹೋದಾಗಲೂ ಇಲ್ಲ. ಒಂದೇ ಕೈಯಲ್ಲಿ ಮುಖ ಮುಚ್ಚಿಕೊಂಡರು. ಇನ್ನೊಂದು ಮೇಲಕ್ಕೆ ಬರುವುದಿಲ್ಲ.

ಬೆಳಿಗ್ಗೆ ಎದುರು ಮನೆಗೆ ಇಬ್ಬರೂ ಹೋದೆವು. ಟೈಲರಮ್ಮನ ಮಗ ಇವರ ಕೊರಳಪಟ್ಟಿ ಹಿಡಿದ. ಇವರು ಬಿಡಿಸಿಕೊಳ್ಳಲಿಲ್ಲ. ಬಿಡಿಸಿದ್ದು ಸೊಸೆ. "ಬಿಡಿ. ನನ್ನ ಕೊರಳು ಹಿಡಿದ ಹಾಗೆ ಇವರದ್ದೂ ಹಿಡಿಯೋದು ಬೇಡ" ಎಂದಳು ಗಂಡನಿಗೆ. ಅವನು ಕೈಬಿಟ್ಟು ಒಳಗೆ ಹೋದ.

ಟೈಲರಮ್ಮ ಹೊಲಿಗೆ ಮಷೀನಿನ ಹಿಂದೆ ಕೂತಿದ್ದಳು. ನನ್ನನ್ನು ನೋಡಿ ಒಂದೇ ಮಾತು.

"ಅಜ್ಜಿ ಹೇಳಿದಾಗ ನಿನ್ನ ಮುಖ ನೋಡಿದ್ನಲ್ಲೇ ನಾನು."

ಇಷ್ಟು ವರ್ಷ ಅಕ್ಕಾ ಎಂದವಳು. ನೀವು ಎಂದವಳು.

ಜೂನ್ 8, ಶನಿವಾರ

ಆಹಾರ ಇಲಾಖೆಯ ಆಫೀಸಿನವರು ಬಂದರು. ದೂರು ಕೊಟ್ಟವರು ಎದುರು ಮನೆಯವರಲ್ಲ, ಇವರೇ ಹೋಗಿ ಬರೆದುಕೊಟ್ಟು ಬಂದಿದ್ದರು. ನನಗೂ ಹೇಳಿರಲಿಲ್ಲ. ಈ ಮನುಷ್ಯನಿಗೆ ಹೇಳದೆ ಮಾಡುವುದು ಒಂದೇ ಗೊತ್ತು, ಕೆಟ್ಟದ್ದಾದರೂ ಒಳ್ಳೆಯದಾದರೂ.

ಬಂದ ಹೆಂಗಸು ಸಮಾಧಾನವಾಗಿಯೇ ಕೇಳಿದಳು. "ಆ ಮಗೂಗೆ ಅಂತ ಬೇರೆ ಡಬ್ಬಿ ಇಟ್ಟಿದ್ರಿ. ಅಂದ್ರೆ ಅಪಾಯ ಇದೆ ಅಂತ ಗೊತ್ತಿತ್ತು."

"ಗೊತ್ತಿತ್ತು."

"ಆ ಮಗೂದು ಗೊತ್ತಿತ್ತು. ಬೇರೆ ಎಷ್ಟು ಮಕ್ಕಳು ಬರ್ತಿದ್ರು ಇಲ್ಲಿಗೆ? ಅವರ ಹೊಟ್ಟೆ ನಿಮಗೆ ಗೊತ್ತಿತ್ತಾ?"

ಇವರು ತಲೆ ಎತ್ತಿ ಬೋರ್ಡಿನ ಕಡೆ ನೋಡಿದರು. ಇದು ನನಗೂ ಹೊಳೆದಿರಲಿಲ್ಲ. ನಮ್ಮ ದುಃಖವೆಲ್ಲಾ ಒಂದು ಮಗುವಿನ ಸುತ್ತಲೇ ಸುತ್ತುತ್ತಿತ್ತು.

ಬಾಗಿಲಿಗೆ ಮೊಹರು ಬಿತ್ತು. ಲೈಸೆನ್ಸ್ ರದ್ದು. ಬೋರ್ಡನ್ನು ಇವರೇ ಇಳಿಸಿದರು.

ಜೂನ್ 30, ಭಾನುವಾರ

ಏನೂ ಇಲ್ಲ. ಅಡುಗೆ, ಅತ್ತೆಯ ಸ್ನಾನ, ಇವರ ಭುಜಕ್ಕೆ ಎಣ್ಣೆ. ಇವರು ದಿನವಿಡೀ ಕಿಟಕಿಯ ಹತ್ತಿರ. ಹಣ್ಣಿನ ಮಂಡಿಯವನು ದಾರಿಯಲ್ಲಿ ಸಿಕ್ಕಿ, "ಪಾಪ, ನಿಮ್ಮ ಯಜಮಾನ್ರು ಒಳ್ಳೆಯೋರು" ಎಂದ. ಒಳ್ಳೆಯವರೇ. ಅದೇ ನನಗೆ ಅರ್ಥವಾಗದ್ದು.

ಜುಲೈ 12, ಶುಕ್ರವಾರ

ಟೈಲರಮ್ಮನ ಸೊಸೆ ಬಂದಿದ್ದಳು. ತವರಿಗೆ ಹೋಗಲಿಲ್ಲ ಅವಳು. ಬಾಗಿಲಲ್ಲೇ ನಿಂತಳು.

ಗುಬ್ಬಿ ಊಟ ಮಾಡುತ್ತಿಲ್ಲ. ಡಾಕ್ಟರು ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ, ಹೆದರಿಕೆ ಎಂದಿದ್ದಾರೆ. ಮುಚ್ಚಿದ ಪಾತ್ರೆಯಿಂದ ಬಂದದ್ದು ಬೇಡ. ಬೇರೆಯವರು ಕಲಸಿದ್ದು ಬೇಡ. ಅಕ್ಕಿ ತೊಳೆಯುವುದರಿಂದ ಹಿಡಿದು ಅನ್ನ ಬಡಿಸುವ ತನಕ ಪಕ್ಕದಲ್ಲೇ ಕೂತು ನೋಡಿದರೆ ಒಂದೆರಡು ತುತ್ತು. ರೆಕ್ಕೆ ಕಿತ್ತ ಗುಬ್ಬಿಯ ಹಾಗಾಗಿದೆ, ಎಂದಳು.

"ಅವಳಿಗೆ ಏನು ಹಾಕಿದ್ರು ಅಂತ ನೋಡಬೇಕಂತೆ. ಐಸ್ ಹೆಂಗೆ ಮಾಡ್ತಾರೆ, ತೋರಿಸು ತೋರಿಸು ಅಂತ ದಿನಾ ಕೇಳ್ತಾಳೆ. ಅತ್ತೆಗೆ ಇಷ್ಟ ಇಲ್ಲ. ನಂಗೂ ಇಲ್ಲ. ಆದ್ರೂ... ಪಾತ್ರೆ ನಾನೇ ತರ್ತೀನಿ. ಹಣ್ಣು, ಸಕ್ಕರೆ, ನೀರು, ಎಲ್ಲಾ ನಮ್ಮನೇದು. ನೀವು ಬರೀ ಮಾಡಿ."

ಇವರು ಕಿಟಕಿಯ ಹತ್ತಿರದಿಂದಲೇ, "ನನ್ನ ಕೈಲಾಗಲ್ಲಮ್ಮಾ" ಎಂದರು.

"ಆಗಬೇಕು" ಎಂದಳು. ಅಷ್ಟೇ.

ಜುಲೈ 14, ಭಾನುವಾರ

ಬಂದಳು. ಮೇಲಿನ ಅಡುಗೆಮನೆಯಲ್ಲಿ, ಮಣೆಯ ಮೇಲೆ, ಗುಬ್ಬಿ ಅಮ್ಮನ ಮಡಿಲಿಗೆ ಒರಗಿ ಕೂತಳು. ಕಾಲುಗಳು ಕಡ್ಡಿ. ಹೊಸ ಹಲ್ಲು ಬಂದಿವೆ, ಮುಖಕ್ಕಿಂತ ದೊಡ್ಡವು.

ಫ್ರೀಜರ್ ಬೇಡ ಎಂದೆ. ಬಾಗಿಲು ಹಾಕಿದರೆ ಅವಳು ನಂಬುವುದಿಲ್ಲ. ಬಕೆಟ್ಟಿಗೆ ಐಸು, ಉಪ್ಪು, ನಡುವೆ ಪಾತ್ರೆ. ಇವರು ಕಿತ್ತಳೆ ಹಿಂಡಿದರು. ನಾನು ಸೋಸಿದೆ. ಒಂದೊಂದಕ್ಕೂ ಪ್ರಶ್ನೆ.

"ಇದೇನು?"

"ಸಕ್ಕರೆ."

"ತೋರ್ಸು." ಬೆರಳಿಗೆ ಅಂಟಿಸಿಕೊಂಡು ಬಹಳ ಹೊತ್ತು ನೋಡಿದಳು. ನೆಕ್ಕಲಿಲ್ಲ.

"ಅದು?"

"ಉಪ್ಪು ಪುಟ್ಟಿ. ಅದು ಒಳಗೆ ಹೋಗಲ್ಲ, ಹೊರಗೇ ಇರುತ್ತೆ. ಐಸನ್ನ ಇನ್ನೂ ತಣ್ಣಗೆ ಮಾಡುತ್ತೆ."

"ಒಳಗೆ ಹೋದ್ರೆ?"

"ಹೋಗದ ಹಾಗೆ ನೋಡ್ಕೋತೀನಿ."

"ಅವತ್ತು ನೋಡ್ಕೊಂಡಿಲ್ಲ" ಎಂದಳು. ಸಿಟ್ಟಿಲ್ಲ, ಸುಮ್ಮನೆ.

ಇವರ ಕೈ ನಿಂತಿತು. "ಇಲ್ಲ" ಎಂದರು. "ನೋಡ್ಕೊಂಡಿಲ್ಲ."

ಪಾತ್ರೆ ತಿರುಗಿಸಿದ್ದು ನಾನು, ಕೆರೆದದ್ದು ಇವರು, ಎಡಗೈಯಲ್ಲಿ. ಅಂಚಿನಲ್ಲಿ ಮಂಜು ಕಟ್ಟಿತು, ಮಂಜು ಗಟ್ಟಿಯಾಯಿತು. ಮಗು ಕಣ್ಣು ಮಿಟುಕಿಸದೆ ನೋಡಿತು. ಬಟ್ಟಲಿಗೆ ಹಾಕಿ ಮುಂದೆ ಇಟ್ಟೆವು. ಕಿತ್ತಳೆ ಬಣ್ಣ, ಒರಟು, ಹರಳು ಹರಳು.

"ತಾತಾ, ನೀನು ತಿನ್ನು."

ಇವರು ಒಂದು ಚಮಚ ತಿಂದರು. ಅವಳು ಇವರ ತುಟಿ ನೋಡಿದಳು, ಕಣ್ಣು ನೋಡಿದಳು. ಕಾದಳು.

"ಇನ್ನೂ ತಿನ್ನು."

ತಿಂದರು. "ಇನ್ನೂ." ಬಟ್ಟಲು ಮುಗಿಯುವ ತನಕ. ಇವರ ಗಲ್ಲದ ಮೇಲಿಂದ ಕಣ್ಣೀರಿಳಿದು ಬಟ್ಟಲಿಗೇ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮುಗಿದ ಮೇಲೆ ಅವಳು ಖಾಲಿ ಬಟ್ಟಲಿನೊಳಗೆ ಬಗ್ಗಿ ನೋಡಿ, ಅಮ್ಮನ ಕೈ ಹಿಡಿದು ಎದ್ದಳು.

ಮೆಟ್ಟಿಲ ಹತ್ತಿರ ನಿಂತು, "ನಾಳೆನೂ ಮಾಡ್ತೀರಾ?" ಎಂದಳು.

ಜುಲೈ 21, ಭಾನುವಾರ

ದಿನಾ ಬರುತ್ತಾಳೆ. ದಿನಾ ನೋಡುತ್ತಾಳೆ. ದಿನಾ ಇವರೇ ತಿನ್ನುತ್ತಾರೆ. ಗಂಟಲು ಕಟ್ಟಿ ಕೆಮ್ಮು ಹತ್ತಿದೆ. ಬೇಡ ಎಂದರೆ ಕೇಳುವುದಿಲ್ಲ.

ಎದುರು ಅಂಗಡಿಯಲ್ಲಿ ಟೈಲರಮ್ಮ ಅಷ್ಟು ಹೊತ್ತೂ ಮಷೀನ್ ತುಳಿಯುತ್ತಿರುತ್ತಾಳೆ. ಒಂದು ಸಲವೂ ಈ ಕಡೆ ತಲೆ ಎತ್ತಿಲ್ಲ.

ಜುಲೈ 23, ಮಂಗಳವಾರ, ಮಧ್ಯಾಹ್ನ

ಇವತ್ತು ದ್ರಾಕ್ಷಿ. ಬಕೆಟ್ ತುಂಬಿಸಿ ಇಟ್ಟಾಗಿದೆ. ಮಗು ಬರುವ ಹೊತ್ತು ಮೀರಿದೆ. ಇವರು ನಾಲ್ಕು ಸಲ ಕಿಟಕಿಗೆ ಹೋಗಿ ಬಂದರು. ಜ್ವರ ಬಂದಿರಬಹುದಾ, ಎಂದರು. ನೋಡಿ ನೋಡಿ ಸಾಕಾಗಿರಬೇಕು, ಎಂದೆ. ಐಸು ಕರಗುತ್ತಿದೆ.

ಎದುರು ಮಷೀನಿನ ಸದ್ದು ನಿಂತಿದೆ. ಈಗಷ್ಟೇ ಗಮನಿಸಿದೆ.

ಎದುರು ಮನೆಯ ಬಾಗಿಲು ತೆರೆಯಿತು. ಸೊಸೆ ಅಲ್ಲ — ಟೈಲರಮ್ಮ. ಗುಬ್ಬಿಯ ಕೈ ಅವಳ ಕೈಯಲ್ಲಿದೆ, ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಮುಖ ಕಲ್ಲು. ರಸ್ತೆಯ ಅಂಚಿಗೆ ಬಂದು ನಿಂತಿದ್ದಾಳೆ. ಗಾಡಿಗಳು ಹೋಗಲಿ ಎಂದೋ, ವಾಪಸ್ಸು ಹೋಗಲಾ ಎಂದೋ ಗೊತ್ತಾಗುತ್ತಿಲ್ಲ. ಮಗು ಕೈ ಎಳೆಯುತ್ತಿದೆ.

ಇವರು ಷರ್ಟಿನ ಮೇಲಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಾರೆ. "ಬಾ ಇಲ್ಲಿ, ಸ್ವಲ್ಪ ಹಾಕು" ಎನ್ನುತ್ತಿದ್ದಾರೆ.

ಟೈಲರಮ್ಮ ಒಂದು ಹೆಜ್ಜೆ ರಸ್ತೆಗೆ ಇಳಿದಳು. ತಲೆ ಎತ್ತಿ ನಮ್ಮ ಕಿಟಕಿಯ ಕಡೆ —